ಮೈಲೇಜ್ ಕೊಟ್ಟದ್ದು ಸ್ವಿಚ್ಚಾ, ಶಿರಾಡಿ ಇಳಿಜಾರಾ?

ಕಳೆದ ಪೆರ್ನಾಲ್‌ಗೆ ನಾವೆಲ್ಲ ಊರಲ್ಲಿ ಸೇರಿದಾಗ ಅಂಗಳದಲ್ಲಿ ನಿಂತಿದ್ದ ಕಾರುಗಳಲ್ಲಿ ಅರ್ಧಕ್ಕರ್ಧ ಬೆಂಗಳೂರಿನಿಂದ ಬಂದವು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿರುವ ನಮ್ಮ ಕುಟುಂಬದ ಹುಡುಗನೊಬ್ಬ ಹೊಸ ಕಾರು ತಂದಿದ್ದ. "ನೆಲಮಂಗಲ ದಾಟಿದ ಮೇಲೆ ಕಾಲು ಪೆಡಲಿಗೆ ತಾಗಿಸಿದ್ದೇ ಕಡಿಮೆ ಕಾಕಾ. ಅಡಾಪ್ಟಿವ್ ಕ್ರೂಸ್ ಹಾಕಿದೆ, ಮೈಲೇಜ್ ಏರಿತು" ಅಂದ.

ಪೀಣ್ಯದಲ್ಲಿ ಹೋಟೆಲ್ ನಡೆಸುವ ಕಾಕ ನಕ್ಕರು. "ಮೋನೇ, ಬೆಂಗಳೂರಿಂದ ಊರಿಗೆ ಬರೋದಂದ್ರೆ ಮೇಲಿಂದ ಕೆಳಗೆ ಇಳಿಯೋದು. ಮೈಲೇಜ್ ಕೊಟ್ಟದ್ದು ಸ್ವಿಚ್ಚಲ್ಲ, ಇಳಿಜಾರು. ವಾಪಸ್ ಹೋಗಿ ಆಮೇಲೆ ಹೇಳು."

ಇಬ್ಬರ ಮಾತಿನಲ್ಲೂ ಸತ್ಯವಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬರುವಾಗ ಉಳಿದದ್ದರಲ್ಲಿ ಒಂದು ಪಾಲನ್ನು ಹೋಗುವಾಗ ಶಿರಾಡಿ ಘಾಟಿ ಹತ್ತಲು ಕೊಡಲೇಬೇಕು. ಆದ್ದರಿಂದ ಹೋಗಿ ಬರುವ ಎರಡೂ ದಾರಿ ಸೇರಿಸಿ, ಟ್ಯಾಂಕ್ ಫುಲ್ ಮಾಡಿ ಮತ್ತೆ ಫುಲ್ ಮಾಡಿದಾಗ ಹಿಡಿಸಿದ ಪೆಟ್ರೋಲ್ ಲೆಕ್ಕ ಹಾಕಿದರೆ ಮಾತ್ರ ನಿಜವಾದ ಮೈಲೇಜ್ ಗೊತ್ತಾಗುತ್ತದೆ.

ಹಾಗಾದರೆ ಈ ಸ್ವಿಚ್ ಏನು ಮಾಡುತ್ತದೆ? ಸಾಮಾನ್ಯ ಕ್ರೂಸ್ ಕಂಟ್ರೋಲ್ ನಾವು ಇಟ್ಟ ವೇಗವನ್ನು ಹಿಡಿದಿಡುತ್ತದೆ, ಅಷ್ಟೇ. ಅಡಾಪ್ಟಿವ್ ಆದರೆ ರಾಡಾರ್ ಅಥವಾ ಕ್ಯಾಮೆರಾದಿಂದ ಮುಂದಿನ ವಾಹನವನ್ನು ನೋಡಿ, ಅದು ನಿಧಾನವಾದರೆ ತಾನೂ ನಿಧಾನವಾಗಿ, ದಾರಿ ತೆರವಾದರೆ ಮತ್ತೆ ಇಟ್ಟ ವೇಗಕ್ಕೆ ಏರುತ್ತದೆ. 2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ 700, 2022ರ ಹೋಂಡಾ ಸಿಟಿ ಹೈಬ್ರಿಡ್, 2024ರ ಹ್ಯುಂಡೈ ಕ್ರೆಟಾ ಮೊದಲಾದ ಕಾರುಗಳ ಮೇಲಿನ ಮಾದರಿಗಳಲ್ಲಿ ಇದಿದೆ.

ಪೆಟ್ರೋಲ್ ಉಳಿಯುವುದು ವೇಗ ಒಂದೇ ಸಮನೆ ಇರುವುದರಿಂದ. ಸುಮ್ಮನೆ ಆಕ್ಸಿಲರೇಟರ್ ಒತ್ತಿ, ಮರುಗಳಿಗೆ ಬ್ರೇಕ್ ತುಳಿದರೆ ಸುಟ್ಟ ಪೆಟ್ರೋಲ್ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಆ ಚಾಳಿ ಇರುವವರಿಗೆ ಈ ಸ್ವಿಚ್ ಒಳ್ಳೆಯ ಮೇಷ್ಟ್ರು. ಆದರೆ ಎಷ್ಟು ವೇಗ ಇಡುತ್ತೇವೆ ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. 150 ಕಿ.ಮೀ. ದಾರಿಗೆ 100ರಲ್ಲಿ 90 ನಿಮಿಷ, 80ರಲ್ಲಿ ಸುಮಾರು 112 ನಿಮಿಷ. ಎರಡಕ್ಕೂ ವ್ಯತ್ಯಾಸ ದಾರಿಯಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು.

ಮುಂದಿನ ವಾಹನದಿಂದ ಎಷ್ಟು ಅಂತರ ಇರಬೇಕೆಂದು ಆರಿಸುವ ಗುಂಡಿಯೂ ಇರುತ್ತದೆ. ಅತಿ ಕಡಿಮೆ ಅಂತರ ಇಟ್ಟರೆ ಮುಂದಿನವನು ಬ್ರೇಕ್ ಹಿಡಿದಾಗಲೆಲ್ಲ ನಮ್ಮ ಕಾರೂ ಹಿಡಿಯುತ್ತದೆ, ಮತ್ತೆ ಏರುತ್ತದೆ. ಉಳಿತಾಯ ಅಲ್ಲೇ ಹೋಯಿತು. ಹೆಚ್ಚು ಅಂತರವನ್ನೇ ಆರಿಸಿ. ನಡುವೆ ಯಾರಾದರೂ ನುಗ್ಗಿದರೆ ನುಗ್ಗಲಿ.

ಇದನ್ನು ಎಲ್ಲಿ ಬಳಸಬೇಕು? ನೆಲಮಂಗಲದಿಂದ ಹಾಸನದವರೆಗಿನ ಚತುಷ್ಪಥದಲ್ಲಿ, ದಾರಿ ಖಾಲಿ ಇದ್ದಾಗ ನೈಸ್ ರಸ್ತೆಯಲ್ಲಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ, ಅಲ್ಲೂ ಸರಿ. ವೈಟ್‌ಫೀಲ್ಡ್‌ನ ಸಂಜೆಯ ಜಾಮ್‌ನಲ್ಲಿ, ಸಿಲ್ಕ್ ಬೋರ್ಡ್‌ನಲ್ಲಿ, ಪೀಣ್ಯದ ಲಾರಿಗಳ ನಡುವೆ ಇದರಿಂದ ಕಾಲಿಗೆ ಆರಾಮ ಸಿಗಬಹುದು, ಮೈಲೇಜ್ ಸಿಗದು.

ಸಕಲೇಶಪುರ ದಾಟಿದ ಮೇಲೆ ಮಾತ್ರ ದಯವಿಟ್ಟು ಆಫ್ ಮಾಡಿ. ಹತ್ತುವಾಗ ಅದು ಇಟ್ಟ ವೇಗ ಬಿಡಬಾರದೆಂದು ಹಟ ಹಿಡಿದು ಪೆಟ್ರೋಲ್ ಸುರಿಯುತ್ತದೆ. ತಿಳಿದ ಡ್ರೈವರ್ ಆದರೆ ವೇಗ ಸ್ವಲ್ಪ ಇಳಿಯಲು ಬಿಡುತ್ತಾನೆ. ಮಂಜು, ಜೋರು ಮಳೆ, ಬಂಪರಿಗೆ ಮೆತ್ತಿದ ಕೆಸರು ಅದರ ಕಣ್ಣು ಕಟ್ಟಬಹುದು. ತಿರುವಿನಲ್ಲಿ ಕೆಟ್ಟು ನಿಂತ ಲಾರಿ, ಅಡ್ಡ ಬಂದ ದನ, ರಸ್ತೆಯ ಹೊಂಡ, ಇವೆಲ್ಲ ಅದಕ್ಕೆ ಕಂಡೇ ಕಾಣುತ್ತದೆ ಅನ್ನುವ ಭರವಸೆ ಇಲ್ಲ. ಇಳಿಯುವಾಗ ಗೇರ್ ಕಡಿಮೆ ಮಾಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್‌ಗಳು ಪೆಟ್ರೋಲನ್ನೇ ನಿಲ್ಲಿಸುತ್ತವೆ. ಮೈಲೇಜ್ ಆಸೆಗೆ ನ್ಯೂಟ್ರಲ್ ಹಾಕುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದರಿಂದ ಉಳಿತಾಯವೂ ಇಲ್ಲ, ಎಂಜಿನ್‌ನ ಹಿಡಿತವೂ ತಪ್ಪಿ ಬ್ರೇಕ್ ಕಾಯುತ್ತದೆ, ಜೀವಕ್ಕೇ ಅಪಾಯ.

ಈಗ ಮನೆಯ ಲೆಕ್ಕ. ಬೆಂಗಳೂರು–ಮಂಗಳೂರು ಸುಮಾರು 350 ಕಿ.ಮೀ. ಲೀಟರಿಗೆ 15 ಕೊಡುವ ಕಾರು 17 ಕೊಟ್ಟಿತು ಅಂತಿಟ್ಟುಕೊಳ್ಳಿ. ಒಂದು ಸಲಕ್ಕೆ ಎರಡೂಮುಕ್ಕಾಲು ಲೀಟರ್ ಉಳಿತಾಯ. ಲೀಟರಿಗೆ 100 ರೂಪಾಯಿಯಂತೆ ಹೋಗಿ ಬರಲು 550 ರೂಪಾಯಿ. ತಿಂಗಳಿಗೊಮ್ಮೆ ಊರಿಗೆ ಬಂದರೆ ವರ್ಷಕ್ಕೆ 6,600. ಈ ಸ್ವಿಚ್ಚಿಗಾಗಿಯೇ ಒಂದು ಲಕ್ಷ ಹೆಚ್ಚು ಕೊಟ್ಟು ಮೇಲಿನ ಮಾದರಿ ಕೊಂಡರೆ ಅದು ವಾಪಸ್ ಬರಲು 15 ವರ್ಷ ಬೇಕು! ಕಾರಿನಲ್ಲಿ ಇದ್ದರೆ ಬಳಸೋಣ. ಇಲ್ಲದಿದ್ದರೆ ಅದಕ್ಕಾಗಿ ಸಾಲ ಮಾಡುವುದು ಬೇಡ.

ಸ್ವಿಚ್ ಇಲ್ಲದ ಹಳೆಯ ಕಾರಿನಲ್ಲೂ ಇದನ್ನೇ ಮಾಡಬಹುದು. ಮುಂದಿನ ವಾಹನ ಒಂದು ಮರ ದಾಟಿದ ಮೇಲೆ ನಾವು ಅದೇ ಮರ ದಾಟಲು ಮೂರು ಸೆಕೆಂಡ್ ಆದರೂ ಬೇಕು. ವೇಗ ಎಂಬತ್ತರ ಆಸುಪಾಸಿನಲ್ಲಿರಲಿ, ಟೈರಿನ ಗಾಳಿ ಸರಿ ಇರಲಿ, ಡಿಕ್ಕಿಯಲ್ಲಿ ಬೇಡದ ಭಾರ ಇಲ್ಲದಿರಲಿ.

ಹುಡುಗ ಬೆಂಗಳೂರು ಮುಟ್ಟಿ ಫೋನ್ ಮಾಡಿದ. "ಕಾಕ ಹೇಳಿದ್ದು ಸರಿ, ಹತ್ತುವಾಗ ಮೈಲೇಜ್ ಇಳಿಯಿತು. ಆದರೆ ಈ ಸಲ ಎಂಬತ್ತರಲ್ಲೇ ಬಂದೆ. ಮಕ್ಕಳು ದಾರಿಯುದ್ದಕ್ಕೂ ನಿದ್ದೆ ಮಾಡಿದ್ರು."