ಹೊಳೆಗೆ ಮರಳಿದ ಕೊರಡುಗಳು

1833ರಲ್ಲಿ ಕ್ಯಾಪ್ಟನ್ ಹೆನ್ರಿ ಮಿಲ್ಲರ್ ಶ್ರೀವ್ ಅಮೆರಿಕದ ಲೂಯಿಸಿಯಾನಾದಲ್ಲಿ ರೆಡ್ ನದಿಯನ್ನು ಏರಿ ಹೋದಾಗ ನೀರಿಗಿಂತ ಮರವೇ ಹೆಚ್ಚು ಕಂಡಿತು. ಎಷ್ಟೋ ಕಾಲದಿಂದ ನೆರೆಗಳಲ್ಲಿ ತೇಲಿಬಂದ ಮರಗಳು ಒಂದಕ್ಕೊಂದು ಸಿಕ್ಕಿಕೊಂಡು, ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಅಲ್ಲಲ್ಲಿ ನದಿಯನ್ನು ಕಟ್ಟಿಹಾಕಿದ್ದವು. ಜನ ಅದನ್ನು ‘ಗ್ರೇಟ್ ರಾಫ್ಟ್’ ಎನ್ನುತ್ತಿದ್ದರು. ಸರಕು ಸಾಗಿಸುವ ಉಗಿದೋಣಿಗಳಿಗೆ ದಾರಿ ಬೇಕಿತ್ತು. ದಾರಿ ಬಿಡಿಸುವ ಕೆಲಸ ಶ್ರೀವ್‌ಗೆ ಬಂತು.

ಅದಕ್ಕೆಂದೇ ಅವನ ಬಳಿ ಒಂದು ವಿಚಿತ್ರ ದೋಣಿಯಿತ್ತು. ಅಕ್ಕಪಕ್ಕ ಎರಡು ಒಡಲು, ಅವೆರಡನ್ನೂ ಜೋಡಿಸುವ, ಕಬ್ಬಿಣದ ತಗಡು ಹೊದಿಸಿದ ತೊಲೆ. ವೇಗವಾಗಿ ಬಂದು ಕೊರಡಿಗೆ ಗುದ್ದುವುದು, ಸಡಿಲಾದ ಕೊರಡನ್ನು ರಾಟೆ ಹಾಕಿ ಮೇಲೆತ್ತುವುದು, ದೋಣಿಯ ಮೇಲೆಯೇ ಗರಗಸಕ್ಕೆ ಕೊಡುವುದು. ಇಂಥ ದೋಣಿಗಳಿಗೆ ‘ಅಂಕಲ್ ಸ್ಯಾಮನ ಹಲ್ಲು ಕೀಳುವವರು’ ಎಂಬ ಅಡ್ಡಹೆಸರು ಬಿತ್ತು. ಐದಾರು ವರ್ಷಗಳಲ್ಲಿ ದಾರಿಯೇನೋ ತೆರೆಯಿತು. ಶ್ರೀವ್ ಹೆಸರಲ್ಲಿ ಶ್ರೀವ್‌ಪೋರ್ಟ್ ಎಂಬ ಊರೂ ಎದ್ದಿತು. ಆದರೆ ಮರಗಳು ಮತ್ತೆ ಬಂದು ಕೂತವು. ನೈಟ್ರೊಗ್ಲಿಸರಿನ್ ಸಿಡಿಸಿ ರಾಫ್ಟನ್ನು ಪೂರ್ತಿ ತೆಗೆದದ್ದು 1873ರಲ್ಲಿ. ಅದು ಹೋದ ಮೇಲೆ ಹಿನ್ನೀರು ಇಳಿಯಿತು. ಅದೇ ಹಿನ್ನೀರನ್ನು ನೆಚ್ಚಿಕೊಂಡಿದ್ದ ಟೆಕ್ಸಾಸಿನ ಜೆಫರ್ಸನ್ ಬಂದರಿಗೆ ಉಗಿದೋಣಿ ಬರುವುದೂ ಕಡಿಮೆಯಾಯಿತು.

ರೆಡ್ ನದಿಯಲ್ಲಿ ನಡೆದದ್ದು ಉಳಿದ ನದಿಗಳಲ್ಲೂ ನಡೆಯಿತು. ಆರೆಗನ್ ರಾಜ್ಯದ ವಿಲ್ಲಾಮೆಟ್ ನದಿಯೊಂದರಿಂದಲೇ 1870ರಿಂದ 1950ರ ನಡುವೆ 65 ಸಾವಿರಕ್ಕೂ ಹೆಚ್ಚು ಕೊರಡುಗಳನ್ನೂ ದಡದ ಮರಗಳನ್ನೂ ಕಿತ್ತರು. ದೋಣಿಯವರದು ಮುಗಿಯಿತು ಎನ್ನುವಷ್ಟರಲ್ಲಿ ಮೀನುಗಾರಿಕೆ ಇಲಾಖೆಗಳು ಅದೇ ಕೆಲಸಕ್ಕೆ ಇಳಿದವು. ಮೊಟ್ಟೆಯಿಡಲು ಸಮುದ್ರದಿಂದ ತೊರೆ ಹತ್ತುವ ಸಾಲ್ಮನ್ ಮೀನಿಗೆ ಬಿದ್ದ ಮರ ಅಡ್ಡಿ ಎಂಬುದು ಅವರ ಎಣಿಕೆ. ಅಲ್ಲಿನ ಕಾಡುಗಳಲ್ಲಿ ಮರ ಕಡಿದವರು ತೊರೆಗೆ ಬಿಟ್ಟ ಕಸಕಡ್ಡಿಯ ರಾಶಿ ನೋಡಿದವರಿಗೆ ಅದು ಸರಿಯೆನಿಸಿದ್ದು ಸಹಜ. 1950ರಿಂದ 70ರ ದಶಕದವರೆಗೆ ‘ತೊರೆ ಶುದ್ಧಿ’ ಭರದಿಂದ ಸಾಗಿತು.

ಈ ಎಣಿಕೆ ತಲೆಕೆಳಗಾದದ್ದು ಆರೆಗನ್ನಿನ ಎಚ್.ಜೆ. ಆಂಡ್ರೂಸ್ ಪ್ರಾಯೋಗಿಕ ಅರಣ್ಯದಲ್ಲಿ. 1970ರ ದಶಕದಲ್ಲಿ ಭೂವಿಜ್ಞಾನಿ ಫ್ರೆಡ್ ಸ್ವಾನ್‌ಸನ್, ಜಲಜೀವಿಗಳನ್ನು ಅಧ್ಯಯನ ಮಾಡುತ್ತಿದ್ದ ಜಿಮ್ ಸೆಡೆಲ್ ಮತ್ತು ಸಂಗಡಿಗರು ಹಳೆಯ ಕಾಡಿನ ತೊರೆಗಳಲ್ಲಿ ಬಿದ್ದ ಮರಗಳನ್ನು ಅಳೆದು, ನಕ್ಷೆ ಬರೆದು ನೋಡಿದರು. ಮರ ಬಿದ್ದಲ್ಲಿ ನೀರು ಧುಮುಕಿ ಮಡು ಕೊರೆಯುತ್ತಿತ್ತು, ಹಿಂದೆ ಗರಸು ನಿಲ್ಲುತ್ತಿತ್ತು, ಎಲೆ ಕಡ್ಡಿ ತಂಗಿ ಹುಳುಗಳಿಗೆ ಮೇವಾಗುತ್ತಿತ್ತು. ಸಾಲ್ಮನ್ ಮೊಟ್ಟೆಯಿಡಲು ಬೇಕಾದದ್ದು ಆ ಗರಸು; ಮರಿಗಳು ಚಳಿಗಾಲದ ರಭಸದಿಂದ ತಪ್ಪಿಸಿಕೊಳ್ಳಲು ಬೇಕಾದದ್ದು ಆ ಮಡು. ಮೀನಿಗಾಗಿ ತೊರೆ ಶುದ್ಧಿ ಮಾಡಿದವರು ಮೀನಿನ ಮನೆಯನ್ನೇ ಕಿತ್ತಿದ್ದರು.

ಹಾಗಾದರೆ ಮತ್ತೆ ತಂದಿಟ್ಟರಾಯಿತಲ್ಲ! ಅಷ್ಟು ಸುಲಭವಾಗಲಿಲ್ಲ. 1980ರ ದಶಕದಲ್ಲಿ ದಿಮ್ಮಿಗಳನ್ನು ಉಕ್ಕಿನ ಹಗ್ಗದಿಂದ ಬಂಡೆಗೆ ಬಿಗಿದು ಕೂರಿಸಿದರು. ಫ್ರಿಸೆಲ್ ಮತ್ತು ನಾವಾ ಎಂಬ ಸಂಶೋಧಕರು ಆರೆಗನ್ ಮತ್ತು ವಾಷಿಂಗ್ಟನ್ ರಾಜ್ಯಗಳ 15 ತೊರೆಗಳಲ್ಲಿ ಇಂಥ 161 ರಚನೆಗಳನ್ನು ಪರಿಶೀಲಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಕೆಲವೇ ವರ್ಷಗಳಿಗೊಮ್ಮೆ ಬರುವಂಥ ಒಂದು ನೆರೆ ಬಂದುಹೋದ ಮೇಲೆ ಬಹಳಷ್ಟು ರಚನೆಗಳು ಕೊಚ್ಚಿಹೋಗಿದ್ದವು, ಇಲ್ಲವೆ ಹಾನಿಗೊಂಡಿದ್ದವು.

ನದಿ ತಾನಾಗಿ ಮರ ಕೂರಿಸುವ ಬಗೆಯನ್ನು ಹತ್ತಿರದಿಂದ ನೋಡಿದವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ಟಿಮ್ ಆಬಿ ಮತ್ತು ಡೇವಿಡ್ ಮಾಂಟ್‌ಗೊಮರಿ. ಅವರ ಪಾಠಶಾಲೆ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯದ್ವೀಪದ ಕ್ವೀಟ್ಸ್ ನದಿ. ಬೇರುಸಮೇತ ಉರುಳಿದ ಭಾರಿ ಮರವೊಂದು ಬರುತ್ತದೆ. ಬೇರಿನ ಬುಡ ನೆಲಕ್ಕೆ ಕಚ್ಚಿ, ಪ್ರವಾಹಕ್ಕೆ ಎದುರಾಗಿ ನಿಲ್ಲುತ್ತದೆ. ಕಾಂಡ ಹರಿವಿನ ದಿಕ್ಕಿಗೆ ಚಾಚಿಕೊಳ್ಳುತ್ತದೆ. ಬುಡದ ಮುಂದೆ ಅರ್ಧಚಂದ್ರದ ಆಕಾರದ ಮಡು ಕೊರೆಯುತ್ತದೆ, ಹಿಂದೆ ಗರಸಿನ ದಿಬ್ಬ ಬೆಳೆಯುತ್ತದೆ. ಸಣ್ಣ ಮರಗಳು ಬಂದು ಅದಕ್ಕೆ ಒರಗುತ್ತವೆ. ಕ್ರಮೇಣ ದಿಬ್ಬದ ಮೇಲೆ ಸಸಿ ಹುಟ್ಟಿ, ಅದೇ ಒಂದು ನಡುಗಡ್ಡೆ. ಉಕ್ಕಿನ ಹಗ್ಗ ಬೇಕಿಲ್ಲ; ತೂಕ, ಬೇರು, ಕೂರುವ ದಿಕ್ಕು ಮೂರೂ ಸರಿಯಿದ್ದರೆ ಸಾಕು.

ಈ ತಿಳಿವಳಿಕೆಯನ್ನೇ ನಂಬಿ ಆಬಿ 1995ರ ಕೊನೆಯಲ್ಲಿ ಕೌಲಿಟ್ಜ್ ನದಿಯ ಮೇಲ್ಭಾಗದಲ್ಲಿ, ಕೊರೆದುಹೋಗುತ್ತಿದ್ದ ದಡದ ಬಳಿ ದಿಮ್ಮಿಗಳ ರಾಶಿ ಕಟ್ಟಿದರು. ಕೆಲವೇ ವಾರಗಳಲ್ಲಿ ದೊಡ್ಡ ನೆರೆ ಬಂತು. ಕಟ್ಟಿದ್ದು ಕದಲಲಿಲ್ಲ. ಆಮೇಲೆ ಅದೇ ರಾಜ್ಯದ ಎಲ್ವಾ ನದಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಕ್ಲಾಲಮ್ ಬುಡಕಟ್ಟಿನವರು ಇದೇ ಬಗೆಯ ರಾಶಿಗಳನ್ನು ಕೂರಿಸತೊಡಗಿದರು. ಅಲ್ಲಿ 1913ರಿಂದ ಅಣೆಕಟ್ಟೆ ಗರಸನ್ನೂ ಮರವನ್ನೂ ತಡೆದಿತ್ತು. ನದಿಯ ಎರಡೂ ಅಣೆಕಟ್ಟೆಗಳನ್ನು 2011ರಿಂದ 2014ರ ನಡುವೆ ಒಡೆದಾಗ ಇಳಿದುಬಂದ ಗರಸನ್ನು ತಡೆದು ನಿಲ್ಲಿಸಲು ಈ ರಾಶಿಗಳು ಮೊದಲೇ ಸಿದ್ಧವಾಗಿದ್ದವು.

ಮೀನಿಗಷ್ಟೇ ಅಲ್ಲ, ನೆರೆ ತಡೆಯಲೂ ಕೊರಡಿಗೆ ಬೇಡಿಕೆ ಬಂತು. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಪಿಕರಿಂಗ್ ಪಟ್ಟಣ 2007ರಲ್ಲಿ ನೆರೆಗೆ ಸಿಕ್ಕಿ ನಲುಗಿತ್ತು. ಎತ್ತರದ ಗೋಡೆ ಕಟ್ಟುವುದು ದುಬಾರಿ. ಬದಲಿಗೆ ಮೇಲಿನ ಕಾಡಿನ ತೊರೆಗಳಿಗೆ ದಿಮ್ಮಿ ಮತ್ತು ಕೊಂಬೆಗಳಿಂದ ನೂರಕ್ಕೂ ಹೆಚ್ಚು ಒಡ್ಡು ಹಾಕಿದರು. ಸಾಮಾನ್ಯ ಹರಿವು ಇವುಗಳ ಅಡಿಯಲ್ಲೇ ಸಾಗುತ್ತದೆ. ನೆರೆ ಬಂದಾಗ ಮಾತ್ರ ನೀರು ತಡೆದು, ಪಕ್ಕದ ಕಾಡಿಗೆ ಹರಡಿ, ನಿಧಾನವಾಗಿ ಇಳಿಯುತ್ತದೆ. ಜೊತೆಗೆ ಗಿಡ ನೆಟ್ಟರು, ನೀರು ನಿಲ್ಲಿಸುವ ಒಂದು ದೊಡ್ಡ ಏರಿಯನ್ನೂ ಕಟ್ಟಿದರು. 2015ರ ಡಿಸೆಂಬರಿನ ಮಳೆಯಲ್ಲಿ ನೆರೆಯ ಉಬ್ಬರವನ್ನು ಇವೆಲ್ಲ ಸೇರಿ ಶೇ 15ರಿಂದ 20ರಷ್ಟು ತಗ್ಗಿಸಿದವು ಎಂದು ಆಮೇಲಿನ ವಿಶ್ಲೇಷಣೆ ಲೆಕ್ಕಹಾಕಿತು.

ತಕರಾರು ಇಲ್ಲವೆಂದಲ್ಲ. ಸಡಿಲಾದ ಮರ ಸೇತುವೆಯ ಕಂಬಕ್ಕೆ ಹೊಡೆಯಬಹುದು, ದೋಣಿ ಹೋಗುವವರು ಕೊಂಬೆಗಳಲ್ಲಿ ಸಿಕ್ಕಿ ಸಾಯಬಹುದು. ಆದ್ದರಿಂದ ಎಂಜಿನಿಯರುಗಳು ಪ್ರತಿ ದಿಮ್ಮಿಯ ತೇಲುವ ಬಲವನ್ನೂ ನೆರೆಯ ರಭಸವನ್ನೂ ಲೆಕ್ಕಹಾಕಿ ಜಾಗ ಗೊತ್ತುಮಾಡುತ್ತಾರೆ. ರಸ್ತೆಯಿಲ್ಲದ ಕಣಿವೆಗಳಿಗೆ ಹೆಲಿಕಾಪ್ಟರಿನಲ್ಲಿ ಮರ ಸಾಗಿಸುವುದೂ ಉಂಟು, ಖರ್ಚು ಕಡಿಮೆಯೇನಲ್ಲ.

ಹೀಗೆ ತಂದಿಟ್ಟ ಮರವೂ ಒಂದು ದಿನ ಕೊಳೆಯುತ್ತದೆ. ಅಷ್ಟರಲ್ಲಿ ದಡದ ಕಾಡು ತಾನೇ ಮರ ಬೀಳಿಸುವಷ್ಟು ಬೆಳೆಯಬೇಕು. ಅದಕ್ಕೇ ಇಂಥ ಯೋಜನೆಗಳಲ್ಲಿ ದಿಮ್ಮಿ ಕೂರಿಸುವುದರ ಜೊತೆಗೆ ದಡದಲ್ಲಿ ಸಸಿ ನೆಡುತ್ತಾರೆ. ಆ ಸಸಿಗಳು ದೊಡ್ಡ ನದಿಯೊಂದರ ನೆರೆಗೆ ಎದುರು ನಿಲ್ಲುವಷ್ಟು ದಪ್ಪವಾಗಲು ನೂರು ವರ್ಷವಾದರೂ ಬೇಕು.