ಸಣ್ಣ ತಾಳೆ ಕೆಲಸಕ್ಕೆ ಪೈಥಾನ್: ಪ್ರತ್ಯೇಕ ಪರಿಸರದ ಕಲಿಕೆ ಅಗತ್ಯವೇ?

ಜಯನಗರ, ಬನಶಂಕರಿಗಳ ಸಣ್ಣ ಅಂಗಡಿಗಳ ಲೆಕ್ಕಪತ್ರವು ಬಹುಮಟ್ಟಿಗೆ ಟ್ಯಾಲಿ ಮತ್ತು ಎಕ್ಸೆಲ್‌ಗಳಲ್ಲೇ ಮುಗಿಯುತ್ತದೆ. ತಂತ್ರಾಂಶ ಉದ್ಯೋಗಿಯಾದ ಮಗನೋ ಸೋದರಳಿಯನೋ ಬರೆದುಕೊಟ್ಟ ಪುಟ್ಟ ಪೈಥಾನ್ ಪ್ರೋಗ್ರಾಂ ಒಂದು ಇವುಗಳ ಜೊತೆ ಸೇರುವುದೂ ಉಂಟು. ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ತಃಖ್ತೆಯೊಂದಿಗೆ ತಾಳೆ ನೋಡುವುದಷ್ಟೇ ಅದರ ಕೆಲಸ. ಇಷ್ಟಕ್ಕಾಗಿ ಅಂಗಡಿಯ ಗುಮಾಸ್ತರು ‘ವರ್ಚುವಲ್ ಎನ್ವಿರಾನ್‌ಮೆಂಟ್’ ಎಂಬುದನ್ನು ಕಲಿಯಬೇಕೇ?

ಕೆಲಸ ಸಣ್ಣದಾದರೂ ಅದನ್ನು ಅವಲಂಬಿಸಿದ ಹಣ ಸಣ್ಣದಲ್ಲ. 2022ರ ಜನವರಿ 1ರಿಂದ, ಮಾರಾಟಗಾರನು ತನ್ನ ರಿಟರ್ನ್‌ನಲ್ಲಿ ತೋರಿಸದ ಬಿಲ್ಲಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ತಪ್ಪಾಗಿ ಪಡೆದು ಬಳಸಿಕೊಂಡ ಜಮೆಗೆ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕು. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ 2ಬಿ ತಃಖ್ತೆ ದೊರೆಯುವುದು 14ರಂದು. 3ಬಿ ಸಲ್ಲಿಕೆಗೆ 20 ಕಡೆಯ ದಿನ. ಪ್ರೋಗ್ರಾಂ ಕೈಕೊಡುವುದಾದರೆ ಈ ಆರು ದಿನಗಳಲ್ಲೇ ಕೈಕೊಡುತ್ತದೆ, ಏಕೆಂದರೆ ಬೇರೆ ದಿನ ಅದನ್ನು ಯಾರೂ ತೆರೆಯುವುದಿಲ್ಲ.

ಕೈಕೊಡಲು ಕಾರಣವೂ ಸ್ಪಷ್ಟ. ಪೈಥಾನ್ ಪ್ರೋಗ್ರಾಂಗಳು ಇತರರು ಬರೆದ ಲೈಬ್ರರಿಗಳನ್ನು ನೆಚ್ಚುತ್ತವೆ. ಅಂಕಣಗಳ ಲೆಕ್ಕಕ್ಕೆ ಹೆಸರಾದ ‘ಪಾಂಡಾಸ್’ ಲೈಬ್ರರಿಯು 2023ರ ಏಪ್ರಿಲ್‌ನಲ್ಲಿ ಬಂದ 2.0 ಆವೃತ್ತಿಯಲ್ಲಿ, ತಃಖ್ತೆಗೆ ಸಾಲು ಸೇರಿಸುವ ‘ಅಪೆಂಡ್’ ಎಂಬ ಹಳೆಯ ವಿಧಾನವನ್ನು ಕೈಬಿಟ್ಟಿತು. ಅದನ್ನು ಬಳಸಿದ್ದ ಪ್ರೋಗ್ರಾಂನಲ್ಲಿ ಒಂದಕ್ಷರವೂ ಬದಲಾಗದಿದ್ದರೂ, ಬೇರೆ ಕೆಲಸಕ್ಕೆಂದು ಅದೇ ಗಣಕದಲ್ಲಿ ಹೊಸ ಪಾಂಡಾಸ್ ಅಳವಡಿಸಿದೊಡನೆ ಅದು ನಿಂತುಹೋಗುತ್ತದೆ.

ಒಬ್ಬನೇ ಮಾಲೀಕನ ಎರಡು ಸಂಸ್ಥೆಗಳಿಗೆ ಎರಡು ಖಾತಾವಹಿ ಇಡುವಂತೆ, ಪ್ರತಿ ಪ್ರೋಗ್ರಾಂನ ಲೈಬ್ರರಿಗಳನ್ನು ಪ್ರತ್ಯೇಕ ಫೋಲ್ಡರಿನಲ್ಲಿ ಇಡುವುದೇ ಈ ‘ಪರಿಸರ’. 2012ರ 3.3ನೇ ಆವೃತ್ತಿಯಿಂದ ಇದರ ಸಾಧನ ಪೈಥಾನ್‌ನೊಳಗೇ ಇದೆ; ಹಣ ತೆರಬೇಕಿಲ್ಲ. ಪರಿಸರವನ್ನು ಸೃಷ್ಟಿಸಿ, ಚಾಲನೆಗೊಳಿಸಿ, ಲೈಬ್ರರಿ ಅಳವಡಿಸಿ, ಆವೃತ್ತಿಗಳ ಪಟ್ಟಿಯನ್ನು ಬರೆದಿಡಲು ನಾಲ್ಕು ಆದೇಶಗಳು ಸಾಕು. ಕಲಿಯಲು ಒಂದು ಮಧ್ಯಾಹ್ನ ಹಿಡಿಯಬಹುದು. ಇವುಗಳಲ್ಲಿ ಪಟ್ಟಿಯೇ ಮುಖ್ಯ. ಹೊಸ ಗಣಕಕ್ಕೆ ಫೋಲ್ಡರನ್ನು ನಕಲು ಮಾಡಿದರೆ ಪ್ರಯೋಜನವಿಲ್ಲ. ಪಟ್ಟಿಯನ್ನು ನೋಡಿ ಪರಿಸರವನ್ನು ಮತ್ತೆ ಕಟ್ಟಬೇಕು. ಬಿಲ್ಲುಗಳ ಕಡತಗಳನ್ನು ಆ ಫೋಲ್ಡರಿನಲ್ಲಿ ಇಡಲೇಬಾರದು.

ತಿಂಗಳಿಗೆ ಮೂವತ್ತು-ನಲವತ್ತು ಬಿಲ್ಲುಗಳ ಅಂಗಡಿಗೆ ಎಕ್ಸೆಲ್‌ನ ‘ವಿಲುಕಪ್’ ಸಾಕು, ಪೈಥಾನೇ ಬೇಡ. ಒಮ್ಮೆ ಓಡಿಸಿ ಬಿಡುವ ಪ್ರೋಗ್ರಾಂಗೂ ಈ ಶ್ರಮ ವ್ಯರ್ಥ. ನೂರಾರು ಬಿಲ್ಲುಗಳನ್ನು ಪ್ರತಿ ತಿಂಗಳೂ ಅದರಿಂದಲೇ ತಾಳೆ ನೋಡುವವರು ಮಾತ್ರ ಆ ಒಂದು ಮಧ್ಯಾಹ್ನವನ್ನು ವ್ಯಯಿಸುವುದು ಲೇಸು. ಬರೆದುಕೊಟ್ಟ ಹುಡುಗ ವಿದೇಶಕ್ಕೆ ಹೋಗುವ ಮೊದಲೇ ಪಟ್ಟಿಯನ್ನು ಬರೆಸಿಕೊಳ್ಳುವುದು ಒಳಿತು. ಆದರೆ ಪರಿಸರವು ಪ್ರೋಗ್ರಾಂ ಓಡುವಂತೆ ಮಾತ್ರ ನೋಡಿಕೊಳ್ಳುತ್ತದೆ, ಲೆಕ್ಕ ಸರಿಯೇ ಎಂದು ನೋಡುವುದಿಲ್ಲ. ತಿಂಗಳಿಗೆ ಹತ್ತಾದರೂ ಬಿಲ್ಲುಗಳನ್ನು ಕೈಯಾರೆ ತಾಳೆ ನೋಡುವ ಕೆಲಸ ಗುಮಾಸ್ತರಿಗೆ ಉಳಿದೇ ಇರುತ್ತದೆ.