ಎಂಟು ಮಡಿಕೆ, 256 ಎಳೆ

ಗೋಧಿ ರವೆ, ನೀರು, ಉಪ್ಪು. ಇಟಲಿಯ ಸಾರ್ಡೀನಿಯಾ ದ್ವೀಪದ ನೂಒರೊ ಊರಿನಲ್ಲಿ ತಾಯಂದಿರು ಹೆಣ್ಣುಮಕ್ಕಳಿಗೆ ಕಲಿಸುತ್ತ ಬಂದಿರುವ 'ಸು ಫಿಲಿಂದೆಉ' ಎಂಬ ಪಾಸ್ತಾಕ್ಕೆ ಬೇಕಾದದ್ದು ಇಷ್ಟೇ. ನಾದಿದ ಹಿಟ್ಟನ್ನು ಹುರಿ ಮಾಡಿ, ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಾರೆ, ಮಡಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಒಂದಿದ್ದದ್ದು ಎರಡು, ಎರಡಿದ್ದದ್ದು ನಾಲ್ಕು, ಆಮೇಲೆ ಎಂಟು. ಎಂಟನೇ ಸಲಕ್ಕೆ ಕೈಯಲ್ಲಿ 256 ಎಳೆ! ಚಾಕುವಿಲ್ಲ, ಅಚ್ಚಿಲ್ಲ, ಒರಳಿಲ್ಲ.

ಲೆಕ್ಕ ಹಾಕಿ ನೋಡಿ. ಮೊದಲ ಹುರಿ ಒಂದು ಮೀಟರ್ ಉದ್ದ, 8 ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳೋಣ. ಒಂದು ನಿಂಬೆಹಣ್ಣಿನಷ್ಟು ಹಿಟ್ಟು ಅದು. ಪ್ರತಿ ಸಲ ಮಡಿಸಿ ಅಷ್ಟೇ ಉದ್ದಕ್ಕೆ ಎಳೆದರೆ ಕೊನೆಗೆ ಎಳೆಯ ದಪ್ಪ ಅರ್ಧ ಮಿಲಿಮೀಟರ್, ಎಲ್ಲ ಸೇರಿ ಉದ್ದ 256 ಮೀಟರ್. ಜೋಗದಲ್ಲಿ ರಾಜಾ ಧುಮುಕುವುದು 253 ಮೀಟರ್! ಹನ್ನೆರಡು ಸಲ ಮಡಿಸಿದರೆ 4,096 ಎಳೆ. ಇಪ್ಪತ್ತು ಸಲ ಮಡಿಸಲು ಸಾಧ್ಯವಾದರೆ 10,48,576. ಆಗ ಎಳೆ ತಲೆಗೂದಲಿನ ಹತ್ತನೇ ಒಂದು ಪಾಲಿಗೆ ಇಳಿದಿರುತ್ತದೆ.

ಇಷ್ಟು ಎಳೆದರೂ ಹಿಟ್ಟು ಹರಿಯದಿರುವುದು ಗೋಧಿಯಲ್ಲಿರುವ ಗ್ಲುಟೆನ್‌ನಿಂದ. ಅದರೊಳಗಿನ ಗ್ಲುಟೆನಿನ್ ಪ್ರಕೃತಿಯಲ್ಲಿ ಸಿಗುವ ಅತಿ ದೊಡ್ಡ ಪ್ರೋಟೀನ್‌ಗಳಲ್ಲೊಂದು. ಆದರೆ ಹದ ಗೊತ್ತಾಗುವುದು ಬೆರಳಿಗೆ. ಪಕ್ಕದಲ್ಲೇ ಎರಡು ಬಟ್ಟಲು ಇಟ್ಟುಕೊಂಡಿರುತ್ತಾರೆ. ಹಿಗ್ಗುವ ಗುಣ ಸಾಲದು ಅನ್ನಿಸಿದರೆ ಉಪ್ಪುನೀರಿನಲ್ಲಿ ಬೆರಳದ್ದುತ್ತಾರೆ, ಒಣಗಿತು ಅನ್ನಿಸಿದರೆ ಸಾದಾ ನೀರಿನಲ್ಲಿ. ಹೆಸರಾಂತ ಬಾಣಸಿಗ ಜೇಮಿ ಆಲಿವರ್ ಕೂಡ ಇದನ್ನು ಕಲಿಯಲು ಹೋಗಿ ಕೈಚೆಲ್ಲಿದ್ದರು.

ಎಳೆಗಳನ್ನು ದುಂಡನೆಯ ತಟ್ಟೆಯ ಮೇಲೆ ಓರೆಯಾಗಿ ಒಂದರ ಮೇಲೊಂದು ಮೂರು ಪದರ ಹಾಸಿ ಬಿಸಿಲಿಗಿಡುತ್ತಾರೆ. ಬೇಸಿಗೆಯಲ್ಲಿ ಶಾವಿಗೆ ಹೊಸೆದು ಕೋಲಿಗೆ ಹಾಕಿದ್ದನ್ನು ಕಂಡ ಉತ್ತರ ಕರ್ನಾಟಕದವರಿಗೆ ಆ ನೋಟ ಹೊಸದೆನಿಸಲಾರದು. ಒಣಗಿದ ಮೇಲೆ ಮುರಿದು, ಕುದಿಯುವ ಕುರಿ ಮಾಂಸದ ಸಾರಿಗೆ ಹಾಕಿ, ಹುಳಿ ರುಚಿಯ ಕುರಿಹಾಲಿನ ಚೀಸ್ ಬೆರೆಸುತ್ತಾರೆ. ಸುಮಾರು 16 ಲಕ್ಷ ಜನ, 30 ಲಕ್ಷದಷ್ಟು ಕುರಿಗಳಿರುವ ದ್ವೀಪವದು. ಸಾರು ಬೇರೆ ಯಾವುದರದ್ದಾಗಬೇಕು?

ಮೇ ಮತ್ತು ಅಕ್ಟೋಬರ್ ತಿಂಗಳಲ್ಲಿ, ವರ್ಷಕ್ಕೆರಡು ಸಲ, ನೂಒರೊದಿಂದ ಲೂಲಾ ಎಂಬ ಊರಿನ ಸಂತ ಫ್ರಾನ್ಸಿಸ್ ಗುಡಿಗೆ ರಾತ್ರಿಯಿಡೀ 33 ಕಿಲೋಮೀಟರ್ ನಡೆದು ಬಂದ ಹರಕೆಯವರಿಗೆ ಬಡಿಸುವುದು ಇದನ್ನೇ. ಸಾವಿರಾರು ಜನರ ಹಸಿವಿಗೆ ಕೈಯಲ್ಲೇ ಎಳೆದ ಎಳೆಗಳು! ನನಗೆ ಇದು ಯಾವ ಗೋಪುರಕ್ಕೂ ಕಡಿಮೆಯಲ್ಲದ ಸಾಧನೆ.

ನಿಮ್ಮ ಮನೆಯಲ್ಲಿ ಈ ಭಾನುವಾರ ಮೂಳೆ ಸಮೇತ ಮಟನ್ ಬೇಯಿಸುವುದಿದ್ದರೆ ಸ್ವಲ್ಪ ಸಾರು ತೆಳ್ಳಗೆ ಬಸಿದು ಬೇರೆ ಇಡಿ. ಕುದಿ ಬಂದಾಗ ಊರಿಂದ ತಂದ ಕೈಶಾವಿಗೆ ಒಂದು ಹಿಡಿ ಮುರಿದು ಹಾಕಿ, ಬೆಂದ ಕೂಡಲೇ ಇಳಿಸಿ, ಬಿಸಿಬಿಸಿಯಾಗಿ ಉಣ್ಣಿ.